ಸೋಲಿಗೊಂದು ಹೆಸರು

ಸೋತವನು ತನ್ನ ಸೋಲಿಗೆ ಇಡುವ ಹೆಸರಿನಲ್ಲಿಯೇ ಅವನ ಮುಂದಿನ ದಾರಿ ಅಡಗಿರುತ್ತದೆ. ಕಳೆದ ಶತಮಾನದ ಅರಬ್ ಚಿಂತಕರು ಈ ಹೆಸರಿನ ಪ್ರಶ್ನೆಯನ್ನು ಎದುರಿಸಿದ ಬಗೆ ಎಲ್ಲ ಭಾಷಿಕರೂ ಗಮನಿಸತಕ್ಕದ್ದಾಗಿದೆ.

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾಯಿತು. ಅದರ ಹಿಂದುಮುಂದಿನ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಾರು ಕಳೆದುಕೊಂಡರು. ಡಮಾಸ್ಕಸ್ಸಿನಲ್ಲಿ ಹುಟ್ಟಿ ಬೈರುತ್‌ನಲ್ಲಿ ಅಧ್ಯಾಪಕರಾಗಿದ್ದ ಇತಿಹಾಸಕಾರ ಕಾನ್‌ಸ್ಟಂಟೈನ್ ಜುರೇಕ್ ಅದೇ ವರ್ಷ ಒಂದು ಪುಸ್ತಕ ಬರೆದು, ಆ ದುರಂತವನ್ನು ‘ನಕ್ಬಾ’ ಎಂದು ಕರೆದರು. ನಕ್ಬಾ ಎಂದರೆ ಮಹಾವಿಪತ್ತು. ಜುರೇಕ್ ಅತ್ತು ಸುಮ್ಮನಾಗಲಿಲ್ಲ. ಅರಬರು ತಮ್ಮ ದೌರ್ಬಲ್ಯಗಳನ್ನು ತಾವೇ ಪರೀಕ್ಷಿಸಿಕೊಳ್ಳಬೇಕು, ವಿಜ್ಞಾನ ಮತ್ತು ವಿಚಾರದ ಹಾದಿ ಹಿಡಿಯಬೇಕು ಎಂದು ಬರೆದರು.

ಹತ್ತೊಂಬತ್ತು ವರ್ಷಗಳ ಬಳಿಕ, 1967ರ ಜೂನ್ 5ರ ಬೆಳಿಗ್ಗೆ, ಈಜಿಪ್ಟಿನ ವಾಯುಪಡೆಯ ಬಹುಭಾಗ ನೆಲದ ಮೇಲೆಯೇ ನಾಶವಾಯಿತು. ಕೈರೋದ ‘ಅರಬರ ಧ್ವನಿ’ ರೇಡಿಯೋ ಮಾತ್ರ ವಿಜಯದ ವಾರ್ತೆಗಳನ್ನೇ ಬಿತ್ತರಿಸುತ್ತಿತ್ತು. ಆರು ದಿನಗಳಲ್ಲಿ ಸಿನಾಯ್, ಗಾಜಾ, ಪೂರ್ವ ಜೆರುಸಲೇಮ್ ಸಹಿತ ಪಶ್ಚಿಮ ದಂಡೆ, ಗೋಲಾನ್ ಎಲ್ಲವೂ ಕೈಬಿಟ್ಟುಹೋದವು. ಜೂನ್ 9ರಂದು ಅಧ್ಯಕ್ಷ ನಾಸರ್ ಜನರ ಮುಂದೆ ಮಾತನಾಡಿ ಹೊಣೆ ತಮ್ಮದೆಂದರು, ರಾಜೀನಾಮೆಯನ್ನೂ ಘೋಷಿಸಿದರು. ಜನಸಾಗರ ಬೀದಿಗಿಳಿಯಿತು, ಮರುದಿನವೇ ರಾಜೀನಾಮೆ ಹಿಂದಕ್ಕೆ ಹೋಯಿತು. ಆದರೆ ಆ ಭಾಷಣದ ಒಂದು ಪದ ಉಳಿದುಕೊಂಡಿತು: ‘ನಕ್ಸಾ’, ಅಂದರೆ ಹಿನ್ನಡೆ. ಗುಣಮುಖನಾಗುತ್ತಿದ್ದ ರೋಗಿಗೆ ಕಾಯಿಲೆ ಮರುಕಳಿಸುವುದನ್ನೂ ಆ ಪದ ಸೂಚಿಸುತ್ತದೆ. ಕೇಳಿದವರಿಗೆ, ಮುಂದೆ ಚೇತರಿಕೆ ಇದ್ದೇ ಇದೆ ಎಂಬ ಸಮಾಧಾನ.

ಈ ಸಮಾಧಾನವನ್ನು ಒಪ್ಪದವರು ಡಮಾಸ್ಕಸ್ಸಿನವರೇ ಆದ ತತ್ತ್ವಶಾಸ್ತ್ರಜ್ಞ ಸಾದಿಕ್ ಅಲ್-ಅಜ್ಮ್. ಕಾಂಟ್‌ನನ್ನು ಅಭ್ಯಾಸ ಮಾಡಿದ್ದ ಅವರು 1968ರಲ್ಲಿ ‘ಸೋಲಿನ ನಂತರದ ಆತ್ಮವಿಮರ್ಶೆ’ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ ಪ್ರಕಟಿಸಿದರು. ಶೀರ್ಷಿಕೆಯಲ್ಲಿ ಅವರು ಆರಿಸಿಕೊಂಡ ಪದ ‘ಹಜೀಮಾ’, ನೇರವಾಗಿ, ಸೋಲು. ವಿಪತ್ತು ಎರಗಿದವನನ್ನು ಯಾರೂ ಅದಕ್ಕೆ ಹೊಣೆಯಾಗಿಸುವುದಿಲ್ಲ. ಆದ್ದರಿಂದ ಈ ಯುದ್ಧವನ್ನು ನಕ್ಬಾ ಎನ್ನುವುದರಲ್ಲಿ ನುಣುಚಿಕೊಳ್ಳುವ ತರ್ಕವಿದೆ ಎಂಬುದು ಅವರ ವಾದ. ಪರದೇಶಗಳ ಪಿತೂರಿಯ ಮೇಲೆ ಎಲ್ಲವನ್ನೂ ಹೊರಿಸುವ ಅಭ್ಯಾಸವನ್ನೂ ಅವರು ಬಿಡದೆ ಟೀಕಿಸಿದರು.

ಹಾಗೆಂದು ‘ನಕ್ಬಾ’ ಸುಳ್ಳಾದ ಪದವೇ? ಅಲ್ಲ. ಊರು ಬಿಟ್ಟು ಬಂದು, ಬೀಗದ ಕೈಯನ್ನು ಮಾತ್ರ ಉಳಿಸಿಕೊಂಡ ಮುದುಕಿಯ ಬಾಯಲ್ಲಿ ಅದು ಸಾಕ್ಷ್ಯ. ಯುದ್ಧವನ್ನು ಅವಳು ನಿರ್ಧರಿಸಲಿಲ್ಲ, ಸೇನೆಯನ್ನು ನಡೆಸಲಿಲ್ಲ. ಸೇನೆಯನ್ನು ನಡೆಸಿದವರು ತಮ್ಮ ಸೋಲಿಗೆ ಅದೇ ಹೆಸರನ್ನಿಟ್ಟರೆ ಅದು ನೆಪವಾಗುತ್ತದೆ. ಪದದ ನೀತಿಯನ್ನು ತೂಗುವಾಗ ಅರ್ಥದ ಜೊತೆಗೆ, ಆಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಚುನಾವಣೆಯಲ್ಲಿ ನೆಲಕಚ್ಚಿದ ಪಕ್ಷವೂ ಮರುದಿನ ‘ಹಿನ್ನಡೆ’ ಎನ್ನುತ್ತದೆಯೇ ಹೊರತು ‘ಸೋಲು’ ಎನ್ನುವುದು ಅಪರೂಪ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗು ‘ಅಂಕ ಕೊಡಲಿಲ್ಲ’ ಎನ್ನುತ್ತದೆ; ‘ನಾನು ಓದಲಿಲ್ಲ’ ಎನ್ನಲು ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯಕ್ಕೆ ಕನ್ನಡದಲ್ಲಿ ‘ಜವಾಬ್ದಾರಿ’ ಎಂಬ ಹೆಸರಿದೆ. ಅದರೊಳಗಿನ ‘ಜವಾಬು’ ಪರ್ಷಿಯನ್ನಿನ ದಾರಿಯಾಗಿ ಬಂದ ಅರಬ್ಬಿ ಪದ. ಉತ್ತರ ಎಂದು ಅದರ ಅರ್ಥ. ಉತ್ತರ ಕೊಡಬೇಕಾದವನೇ ಜವಾಬ್ದಾರ. ಅಲ್-ಅಜ್ಮ್ ತಮ್ಮ ಜನರಿಂದ ಬಯಸಿದ್ದೂ ಇಂಥ ಜವಾಬನ್ನೇ.