ಹಾಸಿನ ಮೇಲೆ ಹಾಸು



ಇದು ನನ್ನದೊಂದು ತಪ್ಪಿನ ನಿವೇದನೆ. 1994ರಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಿದ್ದ ನಾನು ಮಕ್ಕಳನ್ನು ಬಾದಾಮಿಗೆ ಕರೆದೊಯ್ದಿದ್ದೆನು. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನದ ವಿಷಯ ತಿಳಿಸಿದ ಬಳಿಕ ಬೆಟ್ಟದ ತುದಿಯತ್ತ ಕೈಮಾಡಿ, "ಆ ನೆತ್ತಿಯೇ ಎಲ್ಲಕ್ಕಿಂತ ಹಳೆಯದು, ಮಳೆ ಬಿಸಿಲಿಗೆ ಹೇಗೆ ಸವೆದಿದೆ ನೋಡಿರಿ" ಎಂದೆನು. ಕಲ್ಲುಗಣಿಯಲ್ಲಿ ದುಡಿಯುವವರ ಮನೆಯ ಬಾಲಕಿಯೊಬ್ಬಳು ಎದ್ದು ನಿಂತು, "ಸರ್, ಕೆಳಗಿನ ಹಾಸ ಮೊದಲಿಂದು ಅಂತಾನ್ರಿ ನಮ್ಮಪ್ಪ" ಎಂದಳು. ಮಕ್ಕಳು ನಕ್ಕರು. ನಾನು ಆಕೆಯನ್ನು ಗದರಿಸಿ ಕೂರಿಸಿದೆನು.

ಆ ತಂದೆಯ ಮಾತೇ ಸರಿಯಾಗಿತ್ತು. ಡೆನ್ಮಾರ್ಕ್ ಮೂಲದ ನಿಕೋಲಾಸ್ ಸ್ಟೆನೋ ಎಂಬ ವಿದ್ವಾಂಸರು ಇಟಲಿಯಲ್ಲಿದ್ದಾಗ 1669ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ನಿಯಮವಾಗಿ ನಿರೂಪಿಸಿದರು. ನೀರಿನಲ್ಲಿ ತಂಗಿದ ಪದರಗಳು ಆರಂಭದಲ್ಲಿ ಮಟ್ಟಸವಾಗಿರುತ್ತವೆ. ಬುಡಮೇಲಾಗದಿದ್ದರೆ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಸವೆದು ಮುದಿಯಾಗಿ ಕಾಣುವುದು ಬೇರೆ, ಮೊದಲು ಹುಟ್ಟಿರುವುದು ಬೇರೆ. ಇಷ್ಟು ಸರಳ ಭೇದವನ್ನು ನಾನು ಅರಿತಿರಲಿಲ್ಲ.

ಬುಡಮೇಲಾಗಿಲ್ಲವೆಂದು ತಿಳಿಯುವುದೆಂತು? ಬಾದಾಮಿಯ ಕೆಂಪು ಮರಳುಗಲ್ಲನ್ನು ಹತ್ತಿರದಿಂದ ನೋಡಬೇಕು. ಮಟ್ಟಸವಾದ ಹಾಸುಗಳ ಒಳಗೆ ಓರೆಯಾದ ಸಣ್ಣ ಗೆರೆಗಳಿರುತ್ತವೆ. ಪ್ರಾಚೀನ ನದಿಗಳು ಮರಳನ್ನು ತಳ್ಳುತ್ತ ಇಳಿಜಾರಿನಲ್ಲಿ ಸುರಿದ ಗುರುತುಗಳವು. ಗೆರೆಯ ಕೆಳತುದಿ ಬಾಗಿ ಹಾಸಿನ ತಳವನ್ನು ಸವರುತ್ತದೆ; ಮೇಲ್ತುದಿಯಾದರೋ ನಂತರ ಬಂದ ಪ್ರವಾಹದಿಂದ ಕತ್ತರಿಸಿದಂತಿರುತ್ತದೆ. ಕಲ್ಲು ತಲೆಕೆಳಗಾಗಿದ್ದರೆ ಈ ಗೆರೆಯೂ ತಲೆಕೆಳಗಾಗಿರುತ್ತಿತ್ತು. ನಾನು ಆ ಗೋಡೆಗೆ ಒರಗಿಕೊಂಡೇ ತಪ್ಪು ಪಾಠ ಹೇಳಿದ್ದೆನು!

2019ರ ಜಾತ್ರೆಯಲ್ಲಿ ಆ ಬಾಲಕಿ, ಈಗ ಎರಡು ಮಕ್ಕಳ ತಾಯಿ, ಎದುರಾದರು. ಕ್ಷಮೆ ಕೇಳಿದೆನು. ಅವರಿಗೆ ಆ ಪ್ರಸಂಗದ ನೆನಪೇ ಇರಲಿಲ್ಲ. ಆದರೂ ಕುಳಿತು ಎಲ್ಲವನ್ನೂ ಕೇಳಿದರು. ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಿಂದಿನ ಶಿಲೆ. ಅದರ ಮೇಲೆ ಬಾಗಲಕೋಟೆ ಸಮೂಹದ ಬೆಣಚುಗಲ್ಲು, ಸುಣ್ಣದ ಕಲ್ಲುಗಳು. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು. ಇನ್ನೂ ಪಶ್ಚಿಮಕ್ಕೂ ಉತ್ತರಕ್ಕೂ ಸಾಗಿದರೆ ಇವೆಲ್ಲವನ್ನೂ ಮುಚ್ಚಿಕೊಂಡು ಹರಿದ, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾದ ಕರಿಗಲ್ಲು. ನಮ್ಮ ಎರೆಭೂಮಿಯು ಅದರ ಪುಡಿಯೇ. ರಾಬರ್ಟ್ ಬ್ರೂಸ್ ಫೂಟ್ ಅವರು 1876ರಷ್ಟು ಹಿಂದೆಯೇ ಈ ಸೀಮೆಯ ಶಿಲೆಗಳನ್ನು ಕುರಿತು ಗ್ರಂಥ ಬರೆದಿದ್ದರು. ಕಲ್ಲಿನ ವಯಸ್ಸನ್ನು ಅಳೆಯುವ ಉಪಕರಣ ಆಗ ಇರಲಿಲ್ಲ. ಆದರೂ ಯಾವುದರ ಮೇಲೆ ಯಾವುದು ಎಂಬುದನ್ನು ನೋಡಿ ಅನುಕ್ರಮವನ್ನು ಅರಿಯಬಹುದಾಗಿತ್ತು.

"ಎರಡರ ನಡುವೆ ಏನಿತ್ತ್ರಿ ಸರ್?" ಎಂದು ಅವರು ಕೇಳಿದರು.

ಈ ಸಲ ಗದರಿಸಲಿಲ್ಲ. ರಾಮದುರ್ಗದ ಕಡೆ ಕೆಳಗಿನ ಬಾಗಲಕೋಟೆ ಶಿಲೆಗಳು ಓರೆಯಾಗಿ ಎದ್ದು ನಿಂತಿವೆ. ಅವುಗಳ ಕತ್ತರಿಸಿದ ತುದಿಗಳ ಮೇಲೆ ಬಾದಾಮಿಯ ಕಲ್ಲು ಮಟ್ಟಸವಾಗಿ ಮಲಗಿದೆ. ಅಂದರೆ ಕೆಳಗಿನವು ತಂಗಿ, ಗಟ್ಟಿಯಾಗಿ, ಮಡಿಚಿಕೊಂಡು, ಮೇಲೆದ್ದು, ಮಳೆಗಾಳಿಗೆ ಸವೆದು ಸಮತಟ್ಟಾದ ಮೇಲೆಯೇ ಮರಳು ಬಂದು ಕೂತಿತು. ಕೋಟ್ಯಂತರ ವರ್ಷಗಳು ಸಂದ ಆ ಕಾಲಕ್ಕೆ ಅಲ್ಲಿ ಒಂದು ಗೆರೆಯ ಹೊರತು ಬೇರೆ ಸಾಕ್ಷಿಯಿಲ್ಲ. ನಮ್ಮ ಹಳೆಯ ಮನೆಯ ಗೋಡೆ ಉದುರಿದಾಗ ಸುಣ್ಣದ ಪದರಗಳನ್ನು ಎಣಿಸಿದ್ದೆನು, ವರ್ಷಕ್ಕೊಂದರಂತೆ. ಲೆಕ್ಕ ಕೂಡಲಿಲ್ಲ. ಅಜ್ಜನವರು ಲಿಂಗೈಕ್ಯರಾದ ವರ್ಷ ಸುಣ್ಣ ಬಳಿದಿರಲಿಲ್ಲವೆಂದು ತಾಯಿಯವರು ಹೇಳಿದರು. ಗೋಡೆಯಲ್ಲಿ ಆ ವರ್ಷವೇ ಇರಲಿಲ್ಲ.

ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ನಮ್ಮಪ್ಪಗ ಇದನ್ನ ಹೇಳಬೇಕಿತ್ತ್ರಿ, ಭಾಳ ಹಿಗ್ಗತಿದ್ದ" ಎಂದರು. ಅವರ ತಂದೆ ತೀರಿಕೊಂಡು ಆಗಲೇ ನಾಲ್ಕು ವರ್ಷಗಳಾಗಿದ್ದವು.