ಗಾಳಿಗೊಂದು ಕೊಳವೆ

ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಣ್ಣನ ಮೋಟಾರು ರಿಪೇರಿಯ ಶೆಡ್ಡು ಇದೆ. ಅಲ್ಲಿನ ಕಂಪ್ರೆಸರಿನಿಂದ ಕೆಲಸದ ಮೇಜಿನವರೆಗೆ ಕೊಳವೆ ಎಳೆಯಬೇಕಾಯಿತು. ನೀರಿಗೆ ಕೊಳವೆ ಸರಿ, ಗಾಳಿಗೂ ಕೊಳವೆಯೇ ಎಂದು ಅಜ್ಜಿ ನಕ್ಕಳು. ಸೋಜಿಗವೆಂದರೆ ಗಾಳಿಯ ಕೊಳವೆಯಲ್ಲೂ ನೀರಿನದೇ ಕಾಟ. ಅದುಮಿದ ಗಾಳಿ ಬಿಸಿಯಾಗುತ್ತದೆ. ಮುಂದೆ ತಣಿದಂತೆಲ್ಲ ಅದರ ತೇವ ಹನಿಗಟ್ಟುತ್ತದೆ. ಅದಕ್ಕಾಗಿ ಕೊಳವೆಯನ್ನು 100ಕ್ಕೆ 1ರಂತೆ ಇಳಿಜಾರಾಗಿ ಕಟ್ಟಿ, ಕವಲನ್ನು ಅದರ ಮೇಲ್ಬದಿಯಿಂದ ತೆಗೆದು ಕೆಳಕ್ಕೆ ಬಾಗಿಸಿ, ತುದಿಯಲ್ಲಿ ನೀರು ಬಿಡಲು ನಲ್ಲಿಯಿಟ್ಟೆವು.

ವಾದ ಹತ್ತಿದ್ದು ಕೊಳವೆಯ ಜಾತಿಯ ಬಗ್ಗೆ. ಅಣ್ಣನ ಮನಸ್ಸು ಪಿ.ವಿ.ಸಿ.ಯ ಕಡೆಗಿತ್ತು. ಅಗ್ಗ, ಅಂಟಿಸಿದರೆ ಮುಗಿಯಿತು, ಮೈಮೇಲೆ ಒತ್ತಡದ ಅಂಕಿಯೂ ಅಚ್ಚಾಗಿತ್ತು. ಆದರೆ ಆ ಅಂಕಿ ನೀರಿಗೆ. ಕೊಳವೆ ಸೀಳಿದರೆ ನೀರು ಸೋರಿ ಸುಮ್ಮನಾಗುತ್ತದೆ. ಅದುಮಿದ ಗಾಳಿಯಾದರೋ ಬಿಗಿದಿಟ್ಟ ಸ್ಪ್ರಿಂಗು. ಒಡೆದರೆ ಚೂರುಗಳನ್ನು ಈಟಿಯಂತೆ ಎಸೆಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಜಿ.ಐ. ಕೊಳವೆಗೆ ದುಡ್ಡು ಹೆಚ್ಚು, ತುಕ್ಕೂ ಹಿಡಿದೀತು, ನಿಜ. ಆದರೆ ದಿನವಿಡೀ ಅದರ ಕೆಳಗೆ ಬಗ್ಗಿ ದುಡಿಯುವವನು ಅಣ್ಣ. ಅವನ ಕಣ್ಣಿನ ಮುಂದೆ ಆ ದುಡ್ಡು ಯಾವ ಲೆಕ್ಕವೆಂದು ನಾನು ಹಟ ಹಿಡಿದೆ. ಅವನು ಗೊಣಗುತ್ತಲೇ ಜಿ.ಐ. ತಂದ.

ಗಾಳಿ ತುಂಬಿ, ಬೆಸುಗೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದೆವು. ಮೂರನೆಯ ತಿರುವಿನಲ್ಲಿ ಗುಳ್ಳೆಯೆದ್ದಿತು. ಅಣ್ಣ ಗಾಳಿಯನ್ನು ಹೊರಬಿಟ್ಟು, ಅದನ್ನು ಬಿಚ್ಚಿ ಮತ್ತೆ ಟೇಪು ಸುತ್ತಲು ಕುಳಿತ.