ಹೊಳಿ ಇಲ್ಲದ ಊರು

ಚಹಾ ಇನ್ನೂ ಬಸಿಯಲ್ಲೇ ಇತ್ತು, ಫೋನು ಟಿಣ್ ಅಂದಿತು. ಅಣ್ಣನ ಮಗ. ಪುಣೆಯ ಕಂಪನಿಯವರು ಅವನನ್ನು ಆರು ತಿಂಗಳ ಮಟ್ಟಿಗೆ ಫ್ರಾನ್ಸಿಗೆ ಕಳಿಸಿದ್ದಾರೆ. ಫೋಟೊದಲ್ಲಿ ಪಚ್ಚೆ ಬಣ್ಣದ ನೀರು, ನೀರಿನ ಮೇಲೆ ಬೆಟ್ಟವೇ ಬಾಗಿದಂಥ ಕಲ್ಲಿನ ಕಮಾನು, ಕಮಾನಿನ ಕೆಳಗೊಂದು ಕೆಂಪು ದೋಣಿ, ದೋಣಿಯಲ್ಲಿ ಕಿತ್ತಳೆ ಜಾಕೀಟು ತೊಟ್ಟು ಹಲ್ಲು ಬಿಡುತ್ತಿರುವ ನಮ್ಮ ಹುಡುಗ. ಇಷ್ಟಕ್ಕೇ ಬಿಟ್ಟಿದ್ದರೆ ಹೆಮ್ಮೆಪಟ್ಟು ಚಹಾ ಮುಗಿಸುತ್ತಿದ್ದೆ. ಕೆಳಗೊಂದು ಸಾಲು ಬರೆದಿದ್ದ: "ಕಾಕಾ, ಈ ಹೊಳಿ ಹೆಸರು ಆರ್ದೆಶ್. ನಮ್ಮ ಮೋರಖಂಡಿ ಕಡೆ ಹೇಳಿಕೊಳ್ಳಾಕ ಒಂದು ಹೊಳಿನೂ ಇಲ್ಲ ನೋಡ್ರಿ. ಬರೀ ನಾಲಾ."

ಬರೀ ನಾಲಾ! ಚಹಾದ ಮೇಲೆ ಕೆನೆ ಕಟ್ಟಿತು.

ನದಿಯ ದಂಡೆಯ ಮೇಲೆ ನಾಗರಿಕತೆಗಳು ಹುಟ್ಟಿದವು ಎಂಬುದನ್ನೆಲ್ಲ ನಾಲ್ಕನೇ ಈಯತ್ತೆಯಲ್ಲೇ ಬರೆದು ಮುಗಿಸಿದ್ದೇವೆ, ಅದು ಇರಲಿ. ನನಗೆ ಚುಚ್ಚಿದ್ದು 'ನಾಲಾ' ಎಂಬ ಎರಡಕ್ಷರ. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದು. ಚುಳಕಿ ನಾಲಾ, ಗಂಡೋರಿ ನಾಲಾ. ನಮ್ಮ ಸೀಮೆಯಲ್ಲಿ ಹರಿಯುವುದಕ್ಕೆಲ್ಲ ಹೆಸರಿನ ಕೊನೆಗೆ ಈ ಬಾಲ. 1956ರ ತನಕ ಹೈದರಾಬಾದು ರಾಜ್ಯದಲ್ಲಿದ್ದವರು ನಾವು. ಉರ್ದು ದಫ್ತರದ ಯಾವನೋ ಗುಮಾಸ್ತ ಮಟಮಟ ಮಧ್ಯಾಹ್ನ ಒಣಗಿದ ಹಳ್ಳದ ಮುಂದೆ ನಿಂತು, ಬೆವರು ಒರೆಸಿಕೊಳ್ಳುತ್ತ 'ನಾಲಾ' ಎಂದು ಗೀಚಿರಬೇಕು ಎಂಬುದು ನನ್ನ ಗುಮಾನಿ. ಆಷಾಢ ಕಳೆದು ಬಂದಿದ್ದರೆ ಅವನ ಕೈಯೇ ನಡುಗಿ 'ದರಿಯಾ' ಎಂದು ಬರೆಯುತ್ತಿತ್ತು. ಆಮೇಲೆ ಬಂದ ಎಂಜಿನಿಯರರೂ ಅದನ್ನೇ ಹಿಡಿದರು. ಅಡ್ಡ ಒಡ್ಡು ಹಾಕಿ ಜಲಾಶಯ ಕಟ್ಟಿ, ಬೋರ್ಡು ಬರೆಸಿದರು: ಚುಳಕಿ ನಾಲಾ ಯೋಜನೆ. ಊರಿನ ಗಟಾರಕ್ಕೂ ನಾಲಾ, ಹೊಲ ಉಣ್ಣಿಸುವ ನೀರಿಗೂ ನಾಲಾ.

ಈ ವಿಷಯದಲ್ಲಿ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದವರು ಜಾಣರು. ಅವರಲ್ಲಿರುವುದೂ ಎರಡು ಸಣ್ಣ ಹಳ್ಳಗಳೇ. ಒಂದಕ್ಕೆ ವಿರಜಾ, ಇನ್ನೊಂದಕ್ಕೆ ಗುರುಗಂಗಾ ಎಂದು ಹೆಸರು. ಕೂಡುವ ಜಾಗಕ್ಕೆ ಸಂಗಮ. ಮಾಣಿಕ ಪ್ರಭುಗಳ ದರ್ಶನಕ್ಕೆ ಬಂದವರು ಆ ನೀರಿಗೂ ಕೈ ಮುಗಿದು ಹೋಗುತ್ತಾರೆ. ನಾಲಾ ಅಂದಿದ್ದರೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು.

ಕನ್ನಡಕ ಹಾಕಿಕೊಂಡು ಆ ಆರ್ದೆಶನ್ನು ಹುಡುಕಿದೆ. ಸಿಟ್ಟು ಬಂದಾಗ ಎದುರಾಳಿಯ ಜಾತಕ ನೋಡುವುದು ನನ್ನ ಚಾಳಿ. ಉದ್ದ ಬರೀ 125 ಕಿಲೋಮೀಟರು. ನಮ್ಮ ಮಾಂಜ್ರಾ 700ಕ್ಕೂ ಮೇಲೆ ಹರಿಯುತ್ತಾಳೆ. ಆದರೂ ಆ ಕಮಾನನ್ನು ಮಾತ್ರ ಒಪ್ಪಬೇಕು. ಪೋಂ ದಾರ್ಕ್ ಅಂತೆ, ನೀರೇ ಸುಣ್ಣಕಲ್ಲನ್ನು ಕೊರೆದು ಮಾಡಿದ ಸೇತುವೆ, 54 ಮೀಟರು ಎತ್ತರ. ಅಲ್ಲಿಂದ ಕೆಳಗೆ ಮೂವತ್ತು ಕಿಲೋಮೀಟರು ಕಮರಿ. ಜನ ಬೇಸಿಗೆಯಲ್ಲಿ ದೋಣಿ ಬಾಡಿಗೆಗೆ ಹಿಡಿದು ತೇಲಿಕೊಂಡು ಹೋಗುತ್ತಾರೆ. ಪಕ್ಕದ ಬೆಟ್ಟದಲ್ಲಿ 1994ರಲ್ಲಿ ಸಿಕ್ಕ ಶೋವೆ ಗುಹೆಯಲ್ಲಿ ಮೂವತ್ತು ಸಾವಿರ ವರ್ಷಕ್ಕೂ ಹಿಂದಿನವರು ಬರೆದ ಸಿಂಹ, ಕರಡಿ, ಘೇಂಡಾಮೃಗಗಳಿವೆ. ಕೊನೆಗೆ ಈ ನದಿ ರೋನ್ ಎಂಬ ದೊಡ್ಡ ನದಿಯ ಪಾಲಾಗುತ್ತದೆ. ಇನ್ನೂ ಕೆದಕಿದಾಗ ನನಗೆ ಬೇಕಾದದ್ದು ಸಿಕ್ಕಿತು. ಬೇಸಿಗೆಯಲ್ಲಿ ಈ ಸುಂದರಿಯ ನೀರು ತಳಕ್ಕೆ ಇಳಿಯುತ್ತದೆ. ಮಳೆ ಜಡಿದರೆ ಒಂದೇ ರಾತ್ರಿಯಲ್ಲಿ ಹುಚ್ಚು ಹಿಡಿಯುತ್ತದೆ. 1890ರ ಸೆಪ್ಟೆಂಬರಿನಲ್ಲಿ ಸೇತುವೆಗಳನ್ನೇ ಕಿತ್ತುಕೊಂಡು ಹೋಗಿತ್ತಂತೆ. ಹೌದಪ್ಪಾ, ಇದು ಥೇಟ್ ನಮ್ಮ ಹಳ್ಳದ ಗುಣವೇ!

ಆದರೆ ಆ ಜನ ಹೆಸರಿನ ವಿಷಯದಲ್ಲಿ ಎಷ್ಟು ನಿಗಾದವರು ನೋಡಿ. ಸಮುದ್ರ ಸೇರುವ ನದಿಗೆ ಒಂದು ಮಾತು, ಇನ್ನೊಂದು ನದಿಯನ್ನು ಸೇರುವ ನದಿಗೆ ಬೇರೊಂದು ಮಾತು. ಎರಡನೆಯ ಸಾಲಿನ ಈ ಆರ್ದೆಶನ್ನೂ ಅವರು ಬಿಡಲಿಲ್ಲ. ಕ್ರಾಂತಿಯಾದ ಮರುವರ್ಷ, 1790ರಲ್ಲಿ, ದೇಶವನ್ನು ಹೊಸದಾಗಿ ಜಿಲ್ಲೆ ಜಿಲ್ಲೆಯಾಗಿ ಹಂಚಿದಾಗ ರಾಜರ ಕಾಲದ ಪ್ರಾಂತಗಳ ಹೆಸರು ಕಿತ್ತು ನದಿ-ಬೆಟ್ಟಗಳ ಹೆಸರಿಟ್ಟರು. ಆರ್ದೆಶ್ ಈಗ ಜಿಲ್ಲೆಯ ಹೆಸರೂ ಹೌದು. ನಮ್ಮ ಕರ್ನಾಟಕದ 31 ಜಿಲ್ಲೆಗಳನ್ನು ಬೆರಳು ಮಡಚಿ ಎಣಿಸಿದೆ. ನದಿಯ ಹೆಸರಿನ ಜಿಲ್ಲೆ ಒಂದೂ ಇಲ್ಲ. ಕಾವೇರಿಗಾಗಿ ಅಷ್ಟು ಬಡಿದಾಡಿದವರು ನಾವು!

"ಮುಂಜಾನಿ ಮುಂಜಾನಿ ಬೆರಳು ಮಡಚಿ ಯಾರ ಜೋಡಿ ಜಗಳ ನಡಸೀರಿ?" ಎಂದಳು ಮನೆಯವಳು. ಫ್ರಾನ್ಸಿನ ಜೋಡಿ ಎಂದೆ. ಅವಳು ತಣ್ಣಗಾದ ಚಹಾ ಎತ್ತಿಕೊಂಡು ಒಳಗೆ ಹೋದಳು.

ಹುಡುಗನಿಗೆ ಗೊತ್ತಿಲ್ಲದ್ದು ಇಷ್ಟು. ನಮ್ಮ ಬಸವಕಲ್ಯಾಣ ತಾಲ್ಲೂಕು ಒಂದು ಮನೆಯ ಮಾಳಿಗೆ ಇದ್ದ ಹಾಗೆ. ಮೇಲೆ ಬಿದ್ದ ಮಳೆ ಎರಡು ದೋಣಿಗಳಿಂದ ಎರಡು ಕಡೆ ಇಳಿಯುತ್ತದೆ. ಚುಳಕಿಯ ನೀರು ಮಾಂಜ್ರಾದ ಪಾಲಾಗಿ ಗೋದಾವರಿಗೆ; ಇದೇ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿಯ ನೀರು ಚಿಂಚೋಳಿಯ ಮೇಲೆ ಹಾಯ್ದು ಕಾಗಿಣಾಕ್ಕೆ, ಅಲ್ಲಿಂದ ಭೀಮಾ, ಆಮೇಲೆ ಕೃಷ್ಣಾ. ಎರಡು ಮಹಾನದಿಗಳಿಗೆ ನೀರು ಹಂಚುವ ಊರಿನವನಿಗೆ ಹೊಳಿ ಇಲ್ಲ ಅಂದರೆ ಹೇಗೆ? ಹಂಚಿ ಹಂಚಿಯೇ ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಅನ್ನು, ಒಪ್ಪುತ್ತೇನೆ.

ನಮ್ಮೂರಿನದು ಇನ್ನೊಂದು ಮಾತು. ರಾಷ್ಟ್ರಕೂಟರ ಮೂರನೆಯ ಗೋವಿಂದ ಕ್ರಿ.ಶ. 808ರ ಹೊತ್ತಿಗೆ ತಾಮ್ರಪಟ ಬರೆಸಿದ್ದು ಮಯೂರಖಂಡಿಯಿಂದ. ಮಯೂರ ಅಂದರೆ ಮೋರ, ಅಲ್ಲಿಗೆ ಮುಗಿಯಿತು: ಮೋರಖಂಡಿ. ನಾಶಿಕದ ಕಡೆಯವರು ಅದು ತಮ್ಮಲ್ಲಿಯ ಬೆಟ್ಟದ ಕೋಟೆ ಎನ್ನುತ್ತಾರೆ. ವಿದ್ವಾಂಸರು ಎರಡೂ ಪಕ್ಷದಲ್ಲಿದ್ದಾರೆ. ನಾನು ಮಧ್ಯಸ್ಥನಲ್ಲ, ನಮ್ಮ ಹೊಲದ ಬದುವಿಗೆ ಇವತ್ತಿಗೂ ನವಿಲು ಬರುತ್ತವೆ, ನನಗೆ ಅಷ್ಟು ಸಾಕ್ಷಿ ಸಾಕು. ಆಮೇಲೆ ಗೋವಿಂದನ ಮಗ ಅಮೋಘವರ್ಷ ರಾಜಧಾನಿ ಮಾಡಿಕೊಂಡದ್ದು ಮಳಖೇಡವನ್ನು, ಕಾಗಿಣಾದ ದಂಡೆಗೆ. ಮುಲ್ಲಾಮಾರಿಯ ನೀರು ಹೋದ ದಿಕ್ಕಿಗೇ ರಾಜಧಾನಿಯೂ ಹೋಯಿತು ಎಂದು ಹೇಳಬೇಕೆನಿಸುತ್ತದೆ. ಹೇಳಿಯೇಬಿಟ್ಟೆ.

ಚಾಲುಕ್ಯರು ಮಾತ್ರ ತಿರುಗುಮುರುಗು. ಒಂದನೆಯ ಸೋಮೇಶ್ವರ ಹೊಳಿ ಬಿಟ್ಟು ಕಲ್ಯಾಣಕ್ಕೆ ಹತ್ತಿ ಬಂದ. ಊರಿಗೆ ಕೆರೆ ಉಂಟು, ಬಾವಿ ಉಂಟು, ನದಿ ಇಲ್ಲ. 1068ರಲ್ಲಿ ಮೈಯಲ್ಲಿ ವಾಸಿಯಾಗದ ಬೇನೆ ಹೊಕ್ಕು ಪ್ರಾಣ ಬಿಡುವ ನಿರ್ಧಾರ ಮಾಡಿದಾಗ, ಆ ಮಹಾರಾಜ ಕುರುವತ್ತಿಯ ತನಕ ಹೋಗಿ ತುಂಗಭದ್ರೆಯಲ್ಲಿ ಇಳಿಯಬೇಕಾಯಿತು. ಮುಂದಿನ ಶತಮಾನದಲ್ಲಿ ಬಸವಣ್ಣ ಬಂದದ್ದು ಕೃಷ್ಣಾ-ಮಲಪ್ರಭಾ ಕೂಡುವ ಸಂಗಮದಿಂದ, ಕೊನೆಗೆ ಹೋದದ್ದೂ ಅಲ್ಲಿಗೇ. ಅನುಭವಕ್ಕೆ ಕಲ್ಯಾಣ, ಐಕ್ಯಕ್ಕೆ ಹೊಳಿ.

ಈಗ ನನ್ನ ತುರುಪಿನ ಎಲೆ. ಇದೇ ಹೊಳಿ ಇಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಬರೆದ. ನೂರು ಅಧ್ಯಾಯದ ಸಂಸ್ಕೃತ ಗ್ರಂಥ. ಅದರಲ್ಲಿ ಇಡ್ಲಿ ಇದೆ, ದೋಸೆ ಇದೆ ಎಂದು ಹೋಟೆಲಿನವರೂ ಹೇಳುತ್ತಾರೆ, ಅದನ್ನು ಬಿಡಿ. ಅದರಲ್ಲಿ 'ಮತ್ಸ್ಯವಿನೋದ' ಎಂಬ ಭಾಗ ಇದೆ. ಗಾಳ ಹಾಕುವ ಶಾಸ್ತ್ರ! ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಕೊಕ್ಕೆಗೆ ಏನು ಸಿಕ್ಕಿಸಬೇಕು. ಮೂವತ್ತೈದು ಜಾತಿಯ ಮೀನುಗಳ ಹೆಸರು. ಕಡಲಿನವು ಯಾವುವು, ಸಿಹಿನೀರಿನವು ಯಾವುವು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕೆ ಇಲ್ಲ. ಮೊದಲು ಮೀನಿಗೆ ಉಂಡೆ ಹಾಕಿ ಮೈ ತುಂಬಿಸಬೇಕು, ಆಮೇಲೆ ಗಾಳ. ಕಡಲಿನಿಂದ ಇಷ್ಟು ದೂರದ ಕಪ್ಪು ನೆಲದ ಮೇಲೆ ಕೂತು ಕಡಲ ಮೀನಿನ ಪಟ್ಟಿ ಮಾಡಿದ ರಾಜ! ತ್ರಿಪುರಾಂತಕ ಕೆರೆಯ ಕಡೆ ಹೋದಾಗಲೆಲ್ಲ ನನಗೆ ಅವನ ಚಿತ್ರವೇ ಬರುತ್ತದೆ. ಕಿರೀಟ ಪಕ್ಕಕ್ಕಿಟ್ಟು, ಕೋಲು ಹಿಡಿದು, ತೇಲುಗಡ್ಡಿಯ ಮೇಲೆ ಕಣ್ಣಿಟ್ಟು ಕೂತಿದ್ದಾನೆ. ದಂಡನಾಯಕ ಓಡಿ ಬಂದು ಗಡಿಯ ಸುದ್ದಿ ಹೇಳಲು ಬಾಯಿ ತೆರೆದರೆ 'ಸದ್ದು!' ಎಂದು ಕೈ ಎತ್ತುತ್ತಾನೆ. ಸಾಮ್ರಾಜ್ಯ ಅವನ ಕಾಲದಿಂದಲೇ ಸಡಿಲವಾಯಿತು ಎನ್ನುತ್ತಾರೆ ಇತಿಹಾಸದವರು. ಆಗಲಿ. ಸಾಮ್ರಾಜ್ಯ ಎಲ್ಲರೂ ಕಳೆದುಕೊಂಡರು, ಮೀನಿಗೆ ಉಂಡೆ ಕಟ್ಟುವ ವಿಧಾನ ಬರೆದಿಟ್ಟವರು ಎಷ್ಟು ಜನ?

ಅಂದಹಾಗೆ, ಬ್ರಹ್ಮನ ಚುಲುಕದಿಂದ, ಅಂದರೆ ಬೊಗಸೆ ನೀರಿನಿಂದ, ಚಾಲುಕ್ಯರ ಮೂಲಪುರುಷ ಹುಟ್ಟಿದನೆಂದು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದ ಕವಿ ಬಿಲ್ಹಣ ಬರೆದಿದ್ದಾನೆ. ಚುಲುಕ, ಚುಳಕಿ! ಎರಡಕ್ಕೂ ನಂಟು ಹಾಕಿದವನು ನಾನೊಬ್ಬನೇ. ಭಾಷಾಶಾಸ್ತ್ರಜ್ಞರು ಬೈದರೆ ಬೈಯಲಿ.

ಬೊಗಸೆ ನೀರು ಅಂದಾಗ ಲಾತೂರು ನೆನಪಾಗುತ್ತದೆ. ನಮಗೆ ಕಲಬುರಗಿಯಷ್ಟೇ ಬಳಕೆಯ ಪೇಟೆ ಅದು. ಮಾಂಜ್ರಾದ ಅಣೆಕಟ್ಟು ಒಣಗಿ ಬಿರುಕು ಬಿಟ್ಟಾಗ, 2016ರ ಏಪ್ರಿಲಿನಲ್ಲಿ, ಮಿರಜದಿಂದ ರೈಲು ಬಂತು. ಹತ್ತು ಟ್ಯಾಂಕರು, ಐದು ಲಕ್ಷ ಲೀಟರು. ಕೃಷ್ಣೆಯ ನೀರು ಡಬ್ಬಿಯಲ್ಲಿ ಕೂತು, ಘಟ್ಟ ಹತ್ತಿ, ಗೋದಾವರಿಯ ಸೀಮೆಗೆ ಬಂದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಇದೇ ಮಾಂಜ್ರಾ ತುಂಬಿ ಹರಿದಳು. ಇಂಥ ಹೊಳಿಯಲ್ಲಿ ಯಾವ ತಿಂಗಳು ದೋಣಿ ಬಾಡಿಗೆಗೆ ಕೊಡುವುದು?

ಇದನ್ನೆಲ್ಲ ಹುಡುಗನಿಗೆ ಬರೆಯಬೇಕೆಂದು ಫೋನು ತೆಗೆದರೆ ಅವನದೇ ಇನ್ನೊಂದು ಸಾಲು ಬಂದಿತ್ತು: "ಕಾಕಾ, ನಿಮಗ ಈಜು ಬರ್ತದ?"

ಬರುತ್ತದೆ. ಮುತ್ಯಾ ಕಲಿಸಿದ್ದು, ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ, ಬಾಯಿ ಬೆಸೆದು ಹಗ್ಗ ಬಿಗಿದಿದ್ದ. ಡಬ್ಬಿಯ ಅಂಚು ಪಕ್ಕೆ ಕೊರೆಯುತ್ತಿತ್ತು, ತಗಡಿನ ಮೇಲಿನ ಗಾಣದ ಎತ್ತಿನ ಚಿತ್ರ ಅರ್ಧ ಮಾಸಿತ್ತು. "ಕಾಲ್ ಬಡಿ ಮಗಾ, ಡಬ್ಬಿ ಮುಣಗಂಗಿಲ್ಲ" ಎಂದು ಮೆಟ್ಟಿಲ ಮೇಲಿಂದ ಒಂದೇ ತಳ್ಳು. ಎಂಟು ದಿನ ಡಬ್ಬಿಯೇ ಈಜಿತು. ಒಂಬತ್ತನೆಯ ದಿನ ಅವನು ಗುಟ್ಟಾಗಿ ಹಗ್ಗ ಬಿಚ್ಚಿದ್ದ, ನಾನು ಮುಳುಗಲಿಲ್ಲ. ಆಮೇಲೆ ಎಷ್ಟೋ ಬಾವಿಗಳಿಗೆ ಧುಮುಕಿದೆ, ಸುತ್ತು ಹೊಡೆದು ಹೊರಟಲ್ಲಿಗೇ ಬಂದು ಮೆಟ್ಟಿಲು ಹಿಡಿದೆ.

ಹರಿಯುವ ನೀರಿನಲ್ಲಿ ಮಾತ್ರ ನಾನು ಇಲ್ಲಿಯ ತನಕ ಮೊಣಕಾಲಿಗಿಂತ ಮೇಲೆ ಇಳಿದವನಲ್ಲ.